ಎಣ್ಣೆಯ ಗಿಂಡಿ ನನ್ನ ಟ್ರಂಕಿನಲ್ಲಿದೆ

ಮೆಡಿಕಲ್ ಕಾಲೇಜು ಹಾಸ್ಟೆಲ್,
ಔರಂಗಾಬಾದ್
೧೨-೧೧-೧೯೭೧

ಪೂಜ್ಯ ಅಜ್ಜಿಯವರಿಗೆ ಜಲಜಾಳ ನಮಸ್ಕಾರಗಳು.

ಓಝರ್ ಮನೆಯ ಬಚ್ಚಲಿನಿಂದ ನಿಮ್ಮ ಎಣ್ಣೆಯ ಗಿಂಡಿ ಕದ್ದವಳು ನಾನು. ಕೆಲಸದ ಚಂಪಾಬಾಯಿಯನ್ನು ಬೈಯಬೇಡಿ. ಸಾರಿ ಅಂತ ಮಾತ್ರ ಹೇಳುವುದಿಲ್ಲ.

ಅಣ್ಣನ ಮಗುವಿಗೆ ಐದು ತಿಂಗಳು. ಎರಡು ತಿಂಗಳಿಂದ ಕೆಮ್ಮು, ಉಸಿರಾಡಿದರೆ ಗೊರಗೊರ ಸದ್ದು. ದಿನಾ ಸ್ನಾನವಾದ ಮೇಲೆ ನೀವು ಅದರ ಮೂಗಿಗೆ ಎಣ್ಣೆ ಬಿಡುತ್ತೀರಿ. ಎಣ್ಣೆ ಉಸಿರಿನ ಜೊತೆ ಎದೆಗೆ ಇಳಿದರೆ ಹೀಗೆ ಕೆಮ್ಮು ನಿಲ್ಲದೆ ಇರಬಹುದು ಎಂದು ಇಲ್ಲಿನ ಮಕ್ಕಳ ಡಾಕ್ಟರು ಹೇಳಿದರು. ನಾಯಿಕೆಮ್ಮೂ ಇರಬಹುದು, ಬೇರೇನೋ ಇರಬಹುದು. ನಾನು ಫಸ್ಟ್ ಇಯರ್, ಎಲುಬುಗಳ ಹೆಸರೇ ಇನ್ನೂ ಬಾಯಿಗೆ ಬಂದಿಲ್ಲ. ಅದಕ್ಕೇ ಮಗುವನ್ನು ನಾಳೆಯೇ ನಾಸಿಕ್‌ಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿ.

ರಜೆಗೆ ಬಂದಾಗ ನಾನು ಬೇಡವೆಂದದ್ದಕ್ಕೆ “ಎಂಟು ಮಕ್ಕಳಿಗೆ ಬಿಟ್ಟೀನಿ, ಏನಾತು? ನಿನ್ನೆ ಕಾಲೇಜು ಕಂಡಾಕಿ ನನಗ ಹೇಳ್ತಿ ಏನ?” ಎಂದಿರಿ. ಆಗ ಗಿಂಡಿಯನ್ನು ಟ್ರಂಕಿಗೆ ಹಾಕಿಕೊಂಡೆ. ಈಗ ಕೇಳುತ್ತೇನೆ: ಎಂಟರಲ್ಲಿ ಬದುಕಿ ಉಳಿದವರು ಐವರಲ್ಲವೇ? ಇನ್ನು ಮೂವರು ಯಾಕೆ ತೀರಿಹೋದರೆಂದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.

ಮೈಗೆ ಎಷ್ಟಾದರೂ ಹಚ್ಚಿ. ಮೂಗಿಗೆ ಒಂದು ಹನಿಯೂ ಬೇಡ. ಬೇರೆ ಗಿಂಡಿ ತರಿಸಿದರೆ ಸಂಕ್ರಾಂತಿಗೆ ಬಂದಾಗ ಅದನ್ನೂ ಕದಿಯುತ್ತೇನೆ.

ತುಳಸಿ ಅತ್ತಿಗೆ, ಅಜ್ಜಿಗೆ ಈ ಪತ್ರ ಓದಿ ಹೇಳುತ್ತಿರುವವರು ನೀವೇ. ಮಗುವಿನ ತಾಯಿಯೂ ನೀವೇ. ಮೂಗಿನ ಆ ಸಾಲನ್ನು ನುಂಗದೆ, ಗಟ್ಟಿಯಾಗಿ ಇನ್ನೊಂದು ಸಲ ಓದಿ.

ನಿಮ್ಮ ಮೊಮ್ಮಗಳು,
ಜಲಜಾ