ಪಟ್ಟಾ ಬಿಡು, ಕಡಗೋಲು ಹಿಡಿ

ಮುರುಗೆಪ್ಪಾ,

ನಿಮ್ಮ ದೊಡ್ಡವ್ವನಿಗೆ ಜ್ವರವಂತೆ, ಅವಳೂರು ಸಾಸವಡಕ್ಕೆ ಹೊರಟೆ. ಸಂಜೆ ಬರುತ್ತೇನೆ.

ಸೈಕಲ್‌ನಿಂದ ಬಿದ್ದು ಸೆಟೆದ ಬಲಗೈಗೆಂದು ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ರಾಟೆ ಇವತ್ತು ಮುಟ್ಟಬೇಡ. ಬಲಗೈಗೆ ಅದರ ಪಟ್ಟಾ ಬಿಗಿಯಲು ಎರಡು ಕೈ ಬೇಕು. ಎರಡೂ ನೆಟ್ಟಗಿದ್ದವನಿಗೆ ರಾಟೆ ಯಾಕಂತೆ? "ಭಾಳ ಶಾಣ್ಯಾ ಯಂತ್ರ ಅದ ಅವ್ವಾ" ಅಂದಿದ್ದೆಯಲ್ಲ, ದಿನಾ ಆ ಪಟ್ಟಾ ಕಟ್ಟಿದವಳು ನಾನು!

ಕಂಬದ ಹತ್ತಿರ ಮೊಸರಿನ ಗಡಿಗೆ, ಕಡಗೋಲು ಹೂಡಿದ್ದೇನೆ. ಹಗ್ಗದ ಒಂದು ತುದಿಗೆ ಕುಣಿಕೆ ಹಾಕಿದ್ದೇನೆ, ಅದರಲ್ಲಿ ಬಲಗೈ ತೂರಿಸು. ಇನ್ನೊಂದು ತುದಿಯನ್ನು ಎಡಗೈ ಎಳೆದರೆ ಬಲಗೈ ತಾನೇ ಚಾಚಿಕೊಳ್ಳುತ್ತದೆ. ವಾಪಸು ಎಳೆಯುವುದಷ್ಟೇ ಅದರ ಪಾಲು. ಹೆಂಗಸರ ಕೆಲಸವೆಂದು ನಾಚಿಕೆಯಾದರೆ ಬಾಗಿಲು ಹಾಕಿಕೊ.

ಬೆಣ್ಣೆ ಹಚ್ಚಿ ರೊಟ್ಟಿ ತಿನ್ನು. ಬಲಗೈ ಬಾಯಿ ತನಕ ಬಾರದಿದ್ದರೆ ನಿನ್ನೆಯಂತೆ ಉಪವಾಸ ಕೂಡಬೇಡ. ಎಡಗೈಯಲ್ಲೇ ತಿನ್ನು. ಬೈಯುವ ಅವ್ವ ಇವತ್ತು ಮನೆಯಲ್ಲಿಲ್ಲ.