ಅಪ್ಪನ ಅಂಗಡಿಗೊಂದು ವೆಬ್‌ಸೈಟು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಅಪ್ಪನಿಂದ ಕಾಗದ ಬಂದಿದೆ ಎಂದರೆ ನೀನು ಒಡೆಯುವ ಮೊದಲು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತೀಯೆಂದು ಗೊತ್ತು. ಗಾಬರಿಯಾಗಬೇಡ, ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ಮುನಿಸಿಕೊಳ್ಳುತ್ತದೆ. ಎಂದೋ ಬರೆಯಬೇಕಿತ್ತು; ಇವತ್ತು ನಾಳೆ ಎಂದು ತಳ್ಳುತ್ತಾ ಬಂದೆ, ಕ್ಷಮಿಸು. ನೆಪ ಬೇಕಿದ್ದರೆ ಒಂದಿದೆ. ನಾನೀಗ ವಿದ್ಯಾರ್ಥಿ.

ನಗಬೇಡ. ಗ್ರಂಥಾಲಯದ ಮಹಡಿಯ ಮೇಲೆ ಸಂಜೆ ಹೊತ್ತು ವೆಬ್‌ಸೈಟ್ ಕಟ್ಟುವ ಪಾಠ ನಡೆಯುತ್ತದೆ. ತರಗತಿಯ ತುಂಬ ಎಳೆಯರು. ತಲೆ ನರೆತವರೆಂದರೆ ನಾನು ಮತ್ತು ನಿವೃತ್ತ ಬಸ್ ಡ್ರೈವರ್ ಒಬ್ಬರು. ಟೀಚರ್ ನಿನ್ನ ವಾರಗೆಯ ಹುಡುಗಿ. ಜಾಣೆ, ಆದರೆ ಅವಳ ಕೂದಲನ್ನು ಯಾರೋ ಹಾಳುಗೆಡವಿದ್ದಾರೆ. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ! ಮೊದಲ ದಿನವೆಲ್ಲ ಈ ಕ್ಷೌರಿಕನ ಕಣ್ಣು ಬೋರ್ಡಿನ ಮೇಲೆ ನಿಲ್ಲಲೇ ಇಲ್ಲ.

"ನೀವು ಯಾಕೆ ಬಂದ್ರಿ?" ಎಂದು ಕೇಳಿದಳು.

"ಕೈಯಲ್ಲಿ ಕತ್ತರಿ ಇರುವಾಗ ಫೋನ್ ಎತ್ತೋಕಾಗಲ್ಲ ಮೇಡಂ. ಗಿರಾಕಿಗಳು ತಾವೇ ಟೈಮ್ ಹಾಕ್ಕೊಂಡು ಬರೋ ಹಾಗೆ ಮಾಡ್ಬೇಕು," ಎಂದೆ.

ಅವಳು ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಒಂದು ಬಗೆಯ ಪುಟ ಅಂಗಡಿಯ ಬೋರ್ಡಿನಂತೆ, ಯಾರು ಬಂದರೂ ಅದೇ ಮಾತು. ಇನ್ನೊಂದು ಬಗೆ ಬಂದವರ ಮುಖ ನೋಡಿ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಆ ಉತ್ತರ ತಯಾರಾಗುವುದು ಗಿರಾಕಿಯ ಫೋನಿನೊಳಗಲ್ಲ. ಎಲ್ಲೋ ದೂರದಲ್ಲಿ ಕುಳಿತ ಸರ್ವರ್ ಎಂಬ ಕಂಪ್ಯೂಟರಿನಲ್ಲಿ. ಅದಕ್ಕೆ ಬುದ್ಧಿ ಹೇಳುವ ಭಾಷೆಗೆ ಪಿಎಚ್‌ಪಿ ಎನ್ನುತ್ತಾರೆ. ಮಹಾ ಮೂಗಿನ ತುದಿಯ ಸಿಟ್ಟಿನ ಭಾಷೆ. ಸಾಲಿನ ಕೊನೆಗೆ ಸೆಮಿಕೋಲನ್ ಎಂಬ ಒಂದು ಚುಕ್ಕೆ-ಬಾಲ ಮರೆತರೆ ಇಡೀ ಪುಟ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಏನು ತಪ್ಪಾಯಿತೆಂದೂ ಹೇಳುವುದಿಲ್ಲ.

"ನಿಮ್ಮಮ್ಮ ಮಾತು ಬಿಟ್ಟಾಗ ಹೀಗೇ," ಎಂದು ನಿನಗೆ ಬರೆಯಬೇಕೆಂದಿದ್ದೆ. ಅವಳು ಹಿಂದೆಯೇ ನಿಂತು ಓದುತ್ತಿದ್ದಾಳೆ, ಆದ್ದರಿಂದ ಬರೆಯುವುದಿಲ್ಲ.

ಕೊನೆಗೆ ಒಂದು ಸಂಜೆ ಅದು ಬಾಯಿಬಿಟ್ಟಿತು. ಚೌಕದಲ್ಲಿ ನಿಮ್ಮಮ್ಮನ ಹೆಸರು ಹೊಡೆದು ಗುಂಡಿ ಒತ್ತಿದೆ. ಅವಳ ಹೆಸರು ಹಿಡಿದು ‘ನಮಸ್ಕಾರ’ ಎಂದಿತು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಡ್ರೈವರ್ ಬೆನ್ನು ತಟ್ಟಿದರು. ಮನೆಗೆ ಬಂದು ಇವಳಿಗೆ ತೋರಿಸಿದರೆ, "ನೀವು ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷ ಆಯ್ತು? ನಿಮಗಿಂತ ಕಂಪ್ಯೂಟರೇ ವಾಸಿ," ಎಂದಳು.

ಆ ಹುಮ್ಮಸ್ಸಿನಲ್ಲೇ ಸಮಯ ಕಾದಿರಿಸುವ ಪುಟ ಕಟ್ಟಿದೆ. ಟೀಚರಿಗೆ ತೋರಿಸುವಷ್ಟು ತಾಳ್ಮೆ ಇರಲಿಲ್ಲ, ವಿಳಾಸ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದೆ. ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಹೊರಗೆ ಜಾತ್ರೆ! ಬೇಕರಿಯವನು, ಶಾಲೆಯ ಹೆಡ್ಮಾಸ್ತರು, ನಮ್ಮ ಹಲ್ಲಿನ ಡಾಕ್ಟರು, ಇನ್ನೂ ಯಾರು ಯಾರೋ. ಎಲ್ಲರಿಗೂ ಹತ್ತು ಗಂಟೆಯೇ. ಎಲ್ಲರ ಫೋನಿನಲ್ಲೂ ‘ನಿಮ್ಮ ಸಮಯ ಖಚಿತವಾಗಿದೆ, ದಯವಿಟ್ಟು ಬನ್ನಿ’ ಎಂಬ ನನ್ನದೇ ಸಾಲು.

"ನಾನು ಮೊದಲು ಹಾಕಿದ್ದು," ಎಂದರು ಹೆಡ್ಮಾಸ್ತರು.

"ಮೊದಲು ಬಂದವನು ನಾನಲ್ವಾ?" ಎಂದ ಬೇಕರಿಯವನು.

ಜಗಳ ಬಿಡಿಸಲು ನಿಮ್ಮಮ್ಮ ಕಾಫಿ ತಂದವಳು, "ಕೂದಲು ಕಡಿಮೆ ಇರೋರು ಮೊದಲು ಕೂತ್ಕೊಳ್ಳಿ, ಬೇಗ ಮುಗಿಯುತ್ತೆ," ಎಂದಳು. ಆಮೇಲೆ ಯಾರೂ ಮುಂದೆ ಬರಲಿಲ್ಲ ನೋಡು! ನೆತ್ತಿ ಫಳಫಳ ಹೊಳೆಯುವ ಡಾಕ್ಟರು ಕೂಡ "ಪರವಾಗಿಲ್ಲ, ನಾನು ಕಾಯ್ತೀನಿ," ಎಂದು ಬಾಚಣಿಗೆ ತೆಗೆದರು. ನಕ್ಕೂ ನಕ್ಕೂ ಹೆಡ್ಮಾಸ್ತರಿಗೆ ಬಿಕ್ಕಳಿಕೆ ಬಂತು. ಸಂಜೆಯವರೆಗೆ ಕತ್ತರಿ ಕೆಳಗಿಡಲಿಲ್ಲ. ಯಾರೂ ಬೇಜಾರು ಮಾಡಿಕೊಂಡು ಹೋಗಲೂ ಇಲ್ಲ.

ಟೀಚರ್ ನೋಡಿ ಹಣೆ ಚಚ್ಚಿಕೊಂಡಳು. "ಬರೆದಿಟ್ಕೊಳ್ಳೋಕೆ ಮುಂಚೆ ಆ ಹೊತ್ತು ಖಾಲಿ ಇದೆಯಾ ಅಂತ ನೋಡೋದೇ ಇಲ್ವಲ್ಲ ನಿಮ್ಮ ಪುಟ! ಹೂಂ ಹೂಂ ಅನ್ನುತ್ತೆ ಅಷ್ಟೆ." ಅವಳೇ ಪಕ್ಕದಲ್ಲಿ ಕುಳಿತು ತಿದ್ದಿಸಿದಳು. ಒಂದು ಹೊತ್ತಿಗೆ ಒಬ್ಬರೇ, ಎರಡನೆಯವರು ಬಂದರೆ ‘ಬೇರೆ ಸಮಯ ನೋಡಿ’ ಎಂಬ ಉತ್ತರ. ಈಗ ಪುಟ ಗಡಿಯಾರದಂತೆ ನಡೆಯುತ್ತಿದೆ. ಟೀಚರ್ ಕೂಡ ಅದರಲ್ಲೇ ಸಮಯ ಹಾಕಿ ಅಂಗಡಿಗೆ ಬಂದಳು. ಎಡ ಬಲ ಎರಡೂ ಸರಿಮಾಡಿ ಕಳಿಸಿದ್ದೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಪಶು ಆಸ್ಪತ್ರೆಯ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುವಷ್ಟೇ ಅಕ್ಕರೆಯಿಂದ ನಿನ್ನನ್ನೂ ನೋಡಿಕೋ. ನಿನ್ನ ಕೈಗೆ ಬಂದ ಪ್ರಾಣಿಗಳೆಲ್ಲ ಎದ್ದು ಓಡಾಡಲಿ, ನಿನ್ನ ಮನಸ್ಸಿಗೆ ನೆಮ್ಮದಿ ಇರಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದೇನೂ ಅಲ್ಲ ಗುಬ್ಬಿ. ಇಷ್ಟು ಹೊತ್ತೂ ಧೈರ್ಯ ಬರಲಿಲ್ಲ, ಓದಿ ಮತ್ತೆ ಅಳಬಾರದೆಂದು ನಿಮ್ಮಮ್ಮ ಒಳಗೆ ಹೋಗುವವರೆಗೂ ಕಾಯುತ್ತಿದ್ದೆ.

ನನಗೆ ಕಿವಿ ಕೇಳಿಸುವುದಿಲ್ಲ. ಪೂರ್ತಿ ಅಲ್ಲ, ಆದರೆ ಫೋನಿನಲ್ಲಿ ಬರುವ ಮಾತು ನೀರಿನೊಳಗಿನ ಮಾತಿನಂತಾಗಿದೆ. ನಾಲ್ಕು ಎಂದವರಿಗೆ ಏಳು ಗಂಟೆ ಕೊಟ್ಟು ಕಳಿಸುತ್ತಿದ್ದೆ. ಪಾಠಕ್ಕೆ ಸೇರಿದ್ದು ಅದಕ್ಕೇ, ಟೀಚರಿಗೆ ಹೇಳಿದ ಕತ್ತರಿಯ ಮಾತು ಸುಳ್ಳು.

ಹೋದ ತಿಂಗಳು ನೀನು ಫೋನ್ ಮಾಡಿ, "ನಾವಿಬ್ರೂ ಬೇರೆಯಾಗ್ತಿದ್ದೀವಿ ಅಪ್ಪ," ಎಂದೆಯಂತೆ. ನನಗೆ ಕೇಳಿಸಿದ್ದು ‘ಬೇರೆ’ ಒಂದೇ. ಆ ಇಕ್ಕಟ್ಟಿನ ಮನೆ ಬಿಟ್ಟು ನೀನೂ ಅಳಿಯನೂ ಬೇರೆ ಮನೆಗೆ ಹೋಗುತ್ತಿದ್ದೀರಿ ಎಂದುಕೊಂಡೆ. "ಒಳ್ಳೇ ಕೆಲಸ! ಯಾವತ್ತೋ ಮಾಡ್ಬೇಕಿತ್ತು!" ಎಂದು ಗಟ್ಟಿಯಾಗಿ ನಕ್ಕೆ. ನೀನು ಫೋನ್ ಇಟ್ಟೆ. ಲೈನ್ ಕಡಿಯಿತು ಎಂದುಕೊಂಡೆ. ನಿಜ ಗೊತ್ತಾದದ್ದು ನೀನು ಅಮ್ಮನಿಗೆ ಅತ್ತುಕೊಂಡು ಹೇಳಿದ ಮೇಲೆ. ಆಮೇಲೆ ನಿನ್ನ ಫೋನ್ ಬಂದಾಗಲೆಲ್ಲ ಮತ್ತೇನು ತಪ್ಪು ಕೇಳಿಸುತ್ತದೋ ಎಂಬ ಭಯಕ್ಕೆ ಎತ್ತಲಿಲ್ಲ.

ಕಿವಿಯ ವಿಷಯ ಅಮ್ಮನಿಗೆ ಇವತ್ತು ಬೆಳಗ್ಗೆ ಹೇಳಿದೆ. ಮೊದಲು ಅತ್ತಳು, ಆಮೇಲೆ "ಹಾಗಾದ್ರೆ ನಾನು ಇಷ್ಟು ದಿನ ಬೈದಿದ್ದೆಲ್ಲ ದಂಡನಾ?" ಎಂದಳು. ಮಂಗಳವಾರ ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳಂತೆ.

ನೀನು ಒಮ್ಮೆ ಬಾ ಮಗಳೇ. ಅಂಗಡಿ ಮುಚ್ಚಿ ನಿನ್ನನ್ನು ಕುರ್ಚಿಯಲ್ಲಿ ಕೂರಿಸುತ್ತೇನೆ. ಕನ್ನಡಿಯಲ್ಲಿ ತುಟಿ ಕಂಡರೆ ನನಗೆ ಒಂದು ಮಾತೂ ತಪ್ಪುವುದಿಲ್ಲ. ಅವತ್ತು ಹೇಳಿದ್ದನ್ನು ಮೊದಲಿಂದ ಹೇಳು.