ಸತ್ತುಹೋದ ಜೂನಿ

ಮಾರ್ಚ್ 4, ಮಂಗಳವಾರ
ಬೆಳಿಗ್ಗೆಯೆಲ್ಲ ಆಲಿಕಲ್ಲು ಹಾನಿಯ ಕ್ಲೇಮ್ ಫೈಲುಗಳೇ. ಅದೇ ಛಾವಣಿ, ಅದೇ ಸುಳ್ಳು. ಮಧ್ಯಾಹ್ನ ಒಂದು ವಿಮಾ ಕಂಪನಿಯ ದೂರು— ಸತ್ತಿದೆಯೆಂದು ಪರಿಹಾರ ಕೊಟ್ಟ, ಜಿಗಿತದ ಸ್ಪರ್ಧೆಗಳ ಹೇಸರಗತ್ತೆಯೊಂದು ಬದುಕಿದೆಯಂತೆ. ಯಾರೋ ಫೋಟೋ ಕಳಿಸಿದ್ದಾರೆ. ಕಿವಿ ನೆಟ್ಟಗಿದೆ, ಬಾಯಲ್ಲಿ ಸೇಬು. ಇಡೀ ಆಫೀಸು ನಕ್ಕಿತು. ಹೆಸರು ಓದಿದ ಮೇಲೆ ನನಗೆ ನಗು ಬರಲಿಲ್ಲ. ಮಾಲೀಕ ಆರ್ವಿಲ್ ಟ್ಯಾಕೆಟ್. ಪಾಲಿಸಿ ಮಾಡಿಸಿದ ಏಜೆಂಟ್ ಅವನ ಹೆಂಡತಿ ನಾಡೀನ್. ಮಿಸೂರಿಯಲ್ಲಿ ಆಕೆಯಷ್ಟು ಚೊಕ್ಕಟವಾಗಿ ಕೆಲಸ ಮಾಡುವ ಏಜೆಂಟರು ಕಡಿಮೆ. ನಮ್ಮ ವಿಮಾ ಇಲಾಖೆಯ ತರಬೇತಿಗಳಲ್ಲಿ ಯಾವಾಗಲೂ ಮುಂದಿನ ಸಾಲು.

ಮಾರ್ಚ್ 6
ಟ್ಯಾಕೆಟ್ ಮನೆಗೆ ಹೋಗಿ ಬಂದೆ. ಆರ್ವಿಲ್ ಏನನ್ನೂ ಬಚ್ಚಿಡಲಿಲ್ಲ. ಗೆಳೆಯನ ಕೊಟ್ಟಿಗೆಗೆ ತಾನೇ ಕರೆದೊಯ್ದ. ಅಲ್ಲಿ ಹೇಸರಗತ್ತೆ ಜೂನಿ ನನ್ನ ಕೋಟಿನ ಗುಂಡಿ ತಿಂದಳು.
"ಕಾಲು ಕೆಟ್ಟು ಮಲಗ್ಬಿಟ್ಟಿದ್ಲು ಮೇಡಂ. ಡಾಕ್ಟ್ರು ಕೈಬಿಟ್ರು. ನಾನೇ ಗುಂಡು ಹೊಡೀತೀನಿ ಅಂದೆ. ಬಂದೂಕ ಎತ್ತಿದಾಗ ತಿರುಗಿ ನನ್ನ ನೋಡಿದ್ಲು... ಆಗ್ಲಿಲ್ಲ. ನಾಡೀನ್‌ಗೆ ಹೂತ್ಹಾಕ್ದೆ ಅಂತ ಸುಳ್ಳು ಹೇಳ್ದೆ. ಅವ್ಳು ನಂಬಿ ಕ್ಲೇಮ್ ಕಳ್ಸಿದ್ಲು. ಬದುಕ್ತಾಳೆ ಅಂತ ನಂಗೇನ್ ಗೊತ್ತು?"
"ನಾಡೀನ್‌ಗೆ ಯಾವಾಗ ಗೊತ್ತಾಯ್ತು?"
"ಇವತ್ತಿಗೂ ಗೊತ್ತಿಲ್ಲ." ನೆಲ ನೋಡಿಕೊಂಡು ಹೇಳಿದ.

ಮಾರ್ಚ್ 7
ಬಾಸ್ ಗ್ರೆಚನ್ ಜೊತೆ ಮಾತು. ನಾಡೀನ್‌ಗೆ ನಿಜವಾಗಿ ಗೊತ್ತಿಲ್ಲದಿದ್ದರೆ ಕೇಸು ಗಂಡನ ಮೇಲಷ್ಟೇ. ಗೊತ್ತಿದ್ದೂ ಪರಿಹಾರದ ಚೆಕ್ ತೆಗೆದುಕೊಂಡಿದ್ದರೆ ಆಕೆಯ ಏಜೆಂಟ್ ಲೈಸೆನ್ಸೂ ಹೋಯಿತು.
"ನಿಂಗೇನನ್ಸುತ್ತೆ?" ಅಂದಳು ಗ್ರೆಚನ್.
"ಗೊತ್ತಿರ್ಲಿಲ್ಲ ಅನ್ಸುತ್ತೆ."
"ಅನ್ಸುತ್ತೋ, ಹಾಗಿರ್ಲಿ ಅಂತ ಆಸೇನೋ?"
ಫೈಲು ಎತ್ತಿಕೊಂಡು ಹೊರಬಂದೆ.

ಮಾರ್ಚ್ 13
ಇವತ್ತು ನಾಡೀನ್ ಹೇಳಿಕೆ, ಪ್ರಮಾಣ ಮಾಡಿಸಿ. ಆರ್ವಿಲ್‌ನನ್ನು ಹೊರಗೆ ಕೂರಿಸಿದೆ. ಬಾಗಿಲು ಮುಚ್ಚುವಾಗಲೂ "ಅವಳಿಗೇನೂ ಗೊತ್ತಿಲ್ಲ" ಅನ್ನುತ್ತಲೇ ಇದ್ದ.
ಇಲ್ಲ ಅನ್ನಲು ಸುಲಭವಾಗುವಂತೆ ಕೇಳಿದೆ. "ಚೆಕ್ ಬಂದಾಗ ಜೂನಿ ಬದುಕಿರೋದು ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?"
"ಹಾಗಲ್ಲ ಮಗಳೇ. ನೆಟ್ಟಗೆ ಕೇಳು."
ನೆಟ್ಟಗೆ ಕೇಳಿದೆ.
"ಗೊತ್ತಿತ್ತು. ಸಂಜೆಯಾದ್ರೆ ತಲೆ ಬಾಚ್ಕೊಂಡು ಹೊರಡ್ತಿದ್ದ. ಯಾವಳೋ ಇದಾಳೆ ಅಂತ ಹಿಂದೇನೇ ಹೋದೆ. ನೋಡಿದ್ರೆ ಕೊಟ್ಟಿಗೇಲಿ ಕೂತು ಜೂನಿ ಕಾಲು ಒತ್ತುತ್ತಿದ್ದ. ಹಾಡ್ತಿದ್ದ ಬೇರೆ. ಈ ಮುದುಕನ್ನ ಹೇಗೆ ಹಿಡ್ಕೊಡ್ಲಿ? ನಂಗೆ ಗೊತ್ತು ಅಂತ ಅವನಿಗೂ ಹೇಳ್ಲಿಲ್ಲ. ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದ, ಪಾಪ. ಚೆಕ್ ಆಮೇಲೆ ಬಂತು. ನಾನೇ ಬ್ಯಾಂಕಿಗೆ ಹಾಕ್ದೆ."
"ನಾಡೀನ್, ಲೈಸೆನ್ಸ್ ಹೋಗುತ್ತೆ."
"ಊರೋರು ಸುಳ್ಳು ಕ್ಲೇಮ್ ತಂದ್ರೆ ಬೈದು ಕಳಿಸ್ತಿದ್ದೋಳು ನಾನು. ನಂದು ಮಾತ್ರ ಬಿಡು ಅನ್ಲಾ?"
ಹೊರಗೆ ಆರ್ವಿಲ್ ಎದ್ದು ನಿಂತಿದ್ದ. ಆಕೆ ಅವನ ಕಾಲರಿನಿಂದ ಒಂದು ಹುಲ್ಲುಕಡ್ಡಿ ತೆಗೆದಳು. "ಹೇಳ್ಬಿಟ್ಟೆ ಕಣೋ." ಅವನು ಕುರ್ಚಿಯಲ್ಲಿ ಕುಸಿದು ಕೂತ. ಆಕೆ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ನಾನು ಪಾರ್ಕಿಂಗ್‌ಗೆ ಹೋದೆ.

ಮೇ 29
ಆದೇಶ ಬಂತು. ಜೂನಿಯನ್ನು ಸಾಗಿಸುತ್ತಿದ್ದ ಟ್ರೈಲರ್ ಮಾರಿ ಕಂಪನಿಯ ಹಣ ವಾಪಸ್ ಕೊಟ್ಟಿದ್ದಾರೆ. ಇಬ್ಬರಿಗೂ ದಂಡ. ತಾವೇ ಒಪ್ಪಿಕೊಂಡರೆಂದು ಕೌಂಟಿಯ ಸರ್ಕಾರಿ ವಕೀಲರು ಕ್ರಿಮಿನಲ್ ಕೇಸು ಹಾಕಲಿಲ್ಲ. ನಾಡೀನ್ ಲೈಸೆನ್ಸ್ ರದ್ದು. ಶಿಫಾರಸು ಬರೆದದ್ದು ನಾನೇ. ಸರಿಯಾಗಿಯೇ ಬರೆದೆ.

ಸೆಪ್ಟೆಂಬರ್ 20, ಶನಿವಾರ
ಕೇಸು ಮುಗಿದಿದೆ, ಹೋಗಬಹುದು ಅಂದಳು ಗ್ರೆಚನ್. ಟ್ಯಾಕೆಟ್ ದಂಪತಿಯ ಊರಿನಲ್ಲಿ ಹೇಸರಗತ್ತೆಗಳ ಜಿಗಿತದ ಸ್ಪರ್ಧೆ. ಜೂನಿ ಇನ್ನು ಜಿಗಿಯಲಾರಳು, ಪುಟ್ಟ ಮಕ್ಕಳನ್ನು ಹೊತ್ತು ಸುತ್ತುತ್ತಾಳೆ. ಗೇಟಿನಲ್ಲಿ ನಾಡೀನ್ ಟಿಕೆಟ್ ಹರಿಯುತ್ತಿದ್ದಳು. ಮುಖ ತಿರುಗಿಸುತ್ತಾಳೇನೋ ಅಂತ ಅಳುಕು. ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.
"ಅವತ್ತು ನನ್ನ ಬಾಯಲ್ಲಿ ಇಲ್ಲ ಅನ್ಸೋಕೆ ನೋಡ್ದೆ ಅಲ್ವಾ?"
"ಹೂಂ."
"ಇನ್ನೊಂದ್ಸಲ ಯಾರಿಗೂ ಹಾಗೆ ಮಾಡ್ಬೇಡ. ನಿನ್ನ ಕೆಲ್ಸ ಹೋಗುತ್ತೆ." ಭುಜಕ್ಕೆ ಭುಜ ತಾಗಿಸಿ ಕೂತಳು.
ಇದನ್ನು ಅವರ ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಆರ್ವಿಲ್ ಕಿಟಕಿ ಬಡಿಯುತ್ತಿದ್ದಾನೆ. ಹಗ್ಗ ಹಿಡಿದು ಜೂನಿ ಜೊತೆ ನಾನೂ ಒಂದು ಸುತ್ತು ಬರಬೇಕಂತೆ. ಈ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಆ ಕೆಸರಿಗೆ ಹೇಗೆ—